ಜಪಾನಕ್ಕನ ಲೈನು

ಅವರು ತೀರಿಹೋದ ಹದಿನಾಲ್ಕನೆಯ ದಿನ ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ಮಗಳ ವಿಲ್ಲಾದಲ್ಲಿ ಒಂದು ಪ್ರಾರ್ಥನೆ ಇಟ್ಟಿದ್ದರು. ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿ, ಫೋಟೋಕ್ಕೆ ಮಲ್ಲಿಗೆ ಹಾಕಿ, ಚಳಿ ಹಿಡಿಯುವಷ್ಟು ಏಸಿ ಮಾಡಿ ಎಲ್ಲರೂ ಕೂತಿದ್ದೆವು. ಒಬ್ಬೊಬ್ಬರೇ ಎದ್ದು ಎರಡೆರಡು ಮಾತು ಹೇಳಿದರು. ಅಳಿಯನ ಆಫೀಸಿನವರೊಬ್ಬರು, "ಶೀ ವಾಸ್ ಸೋ ಅಡ್ಜಸ್ಟಿಂಗ್" ಎಂದರು. ಇನ್ನೊಬ್ಬಾಕೆ, "ಪಾಪ, ಒಂದು ದಿನ ಯಾರಿಗೂ ಎದುರು ಮಾತಾಡಿದವರಲ್ಲ" ಎಂದು ಕಣ್ಣೊರೆಸಿಕೊಂಡಳು. "ಆಂಟಿಗೆ ಯಾವಾಗ್ಲೂ ಮಾಫಿ ಟೆನ್ಶನ್" ಎಂದ ಒಬ್ಬ ಯುವಕ, ಟೆನ್ಶನ್ನೇ ಇಲ್ಲ ಎಂಬುದನ್ನು ಇಲ್ಲಿಯ ಅರಬಿ ಬೆರೆಸಿ. ಎಲ್ಲರೂ ತಲೆಯಾಡಿಸಿದರು.

ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು. ಸಾವಿನ ಮನೆಯಲ್ಲಿ ಎದ್ದು ನಿಂತು, "ಎಕ್ಸ್‌ಕ್ಯೂಸ್ ಮೀ, ದಟ್ ಈಸ್ ನಾಟ್ ಟ್ರೂ" ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಾಗಾಗಿ ಸುಮ್ಮನೆ ಕಡಲೆ ಪಾಯಸ ಕುಡಿದು ಬಂದೆ. ಈಗ ಬರೆಯುತ್ತಿದ್ದೇನೆ. ಅವರು ಅಡ್ಜಸ್ಟಿಂಗ್ ಆಗಿರಲಿಲ್ಲ. ನಾನು ಕಂಡ ಹೆಂಗಸರಲ್ಲಿ ಅವರಷ್ಟು ಹಟಮಾರಿ ಮತ್ತೊಬ್ಬರಿಲ್ಲ. ಎದುರು ಮಾತಾಡಲಿಲ್ಲ ಎಂಬುದು ನಿಜ. ಮಾತಾಡುವ ಹೊತ್ತಿಗೆ ಚಪ್ಪಲಿ ಮೆಟ್ಟಿ ಹೊರಟು ಹೋಗಿರುತ್ತಿದ್ದರು.

ಅವರ ಹೆಸರು ಇಲ್ಲಿ ಬೇಡ. ದುಬೈಯ ಕರಾಮದ ನಮ್ಮ ಗಲ್ಲಿಗಳಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗ್ರೋಸರಿಯ ಮಲಯಾಳಿಯಿಂದ ಹಿಡಿದು ಬಿಲ್ಡಿಂಗಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಜಪಾನಕ್ಕ. ಕಾರ್ಕಳದ ಕಡೆಯ ಹುಡುಗಿ. ಗಂಡನಿಗೆ ಒಸಾಕಾದ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಕೆಲಸ. ಮದುವೆಯಾಗಿ ಹೋದವರು, ತಲೆ ಬೆಳ್ಳಗಾಗಿ ಗಂಡ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆಮೇಲೆ ಮಗಳು ತನ್ನ ವೀಸಾದ ಮೇಲೆ ಇಲ್ಲಿಗೆ ಕರೆಸಿಕೊಂಡಳು. ಮಗಳ ಸಂಸಾರ ಆಗ ಕರಾಮದಲ್ಲೇ ಇತ್ತು. ಮಕ್ಕಳ ಶಾಲೆಗೆಂದು ಖಲೀಫಾ ಸಿಟಿಗೆ ಹೋದಾಗ ಇವರೂ ಹೋದರು, ಹೋದ ಹಾಗೆ ಮಾಡಿ ತಿರುಗಿ ಬಂದು ನಮ್ಮ ಬಿಲ್ಡಿಂಗಿನಲ್ಲೇ ಇದ್ದ ತಮ್ಮನ ಫ್ಲ್ಯಾಟಿನಲ್ಲಿ ಉಳಿದುಬಿಟ್ಟರು.

"ಅಲ್ಲಿ ನಿಮಗೆ ಎಂತ ಕಡಿಮೆ ಆಗಿತ್ತು ಅಕ್ಕ?" ಎಂದು ಕೇಳಿದ್ದೆ.

"ಎಲ್ಲ ಉಂಟು ಮಾರಾಯ್ತಿ. ಗೇಟುಂಟು, ಗಾರ್ಡನ್ ಉಂಟು, ನನಗೇ ಅಂತ ಅಟ್ಯಾಚ್ಡ್ ಬಾತ್‌ರೂಮ್ ಉಂಟು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಕಾರು ತೆಗೀಬೇಕು. ಕಾರು ಬಿಡ್ಲಿಕ್ಕೆ ನಂಗೆ ಬರೂದಿಲ್ಲ. ಕೊತ್ತಂಬರಿ ಸೊಪ್ಪಿಲ್ಲದೆ ನಂಗೆ ಆಗೂದಿಲ್ಲ."

ನಾವಿಬ್ಬರೂ ಮಾತಾಡುತ್ತಿದ್ದದ್ದು ಹೆಚ್ಚಾಗಿ ತುಳುವಿನಲ್ಲಿ. ಮೂರನೆಯ ಮಹಡಿಯ ಮೈಸೂರಿನವರು ಜೊತೆಗೆ ಸೇರಿದರೆ ಕನ್ನಡಕ್ಕೆ ಹೊರಳುತ್ತಿದ್ದೆವು. ಮೈಸೂರಿನವರು ಎಂದರೆ ಒಬ್ಬರೇ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳ ಜೊತೆ ಇರುವ ವಿಧವೆ. ನಾವು ಮೂವರೂ ಮಕ್ಕಳ ವೀಸಾದಲ್ಲಿ, ಮಕ್ಕಳ ಅಥವಾ ತಮ್ಮನ ಮನೆಯಲ್ಲಿ, ಅವರು ಹಾಕಿದ ಏಸಿಯ ಕೆಳಗೆ ಇರುವವರು. ಕಂಪ್ಲೇಂಟ್ ಮಾಡುತ್ತಿಲ್ಲ. ನನ್ನ ಮಗ, ಸೊಸೆ ಇಬ್ಬರೂ ಚಿನ್ನದಂಥವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಜನ ಬೇರೆ ಅರ್ಥ ಮಾಡಿಕೊಂಡಾರು.

ಜಪಾನಕ್ಕನ ಬಾಯಲ್ಲಿ ಜಪಾನ್ ಎಂದರೆ ಒಂದೇ ಒಂದು ಪುಟ್ಟ ರೈಲು ಲೈನು. ಬೆಟ್ಟ, ಹೂವು, ಬುಲೆಟ್ ಟ್ರೈನ್ ಅಂತ ನಾವೇನಾದರೂ ಕೇಳಿದರೆ, "ಅದೆಲ್ಲ ನಂಗೆ ಗೊತ್ತಿಲ್ಲ. ನಾನು ಜಪಾನಿಗೆ ಹೋದದ್ದಲ್ಲ ಮಾರಾಯ್ತಿ, ಆ ಲೈನಿಗೆ ಹೋದದ್ದು" ಎಂದುಬಿಡುತ್ತಿದ್ದರು. ಎರಡೇ ಬೋಗಿಯ ರೈಲಂತೆ. ಮನೆಗಳ ಹಿತ್ತಿಲ ಸಂದಿಯಲ್ಲೇ ನುಸುಳಿ ಹೋಗುತ್ತಿತ್ತು. ಕಿಟಕಿಯಿಂದ ಕೈ ಚಾಚಿದರೆ ಯಾರದೋ ಮನೆಯ ಒಣಗಿದ ಬನಿಯನ್ ಕೈಗೆ ಸಿಗಬೇಕು, ಅಷ್ಟು ಹತ್ತಿರ. ಉದ್ದ ಎಷ್ಟು ಎಂದರೆ, ನಮ್ಮ ಕುಚ್ಚಲಕ್ಕಿ ಬೇಯುವಷ್ಟು ಹೊತ್ತಿನಲ್ಲಿ ಈ ತುದಿಯಿಂದ ಆ ತುದಿ ಮುಟ್ಟಿ ತಿರುಗಿ ಬರಬಹುದು. ಬೆಳಿಗ್ಗೆ ಆಫೀಸಿನವರು, ಆಮೇಲೆ ಶಾಲೆಯ ಮಕ್ಕಳು, ಆಮೇಲೆ ತರಕಾರಿಗೆ ಹೋಗುವ ಅಜ್ಜಿಯಂದಿರು.

ಹೋದ ಮೊದಲ ಚಳಿಗಾಲ ಅವರಿಗೆ ಭಾಷೆ ಬಾರದು, ಜನ ಗೊತ್ತಿಲ್ಲ. ಗಂಡ ಬೆಳಿಗ್ಗೆ ಹೋದರೆ ಸಂಜೆಯೇ. ಒಂದು ದಿನ ತಡೆಯಲಾರದೆ ಸೀರೆಯ ಮೇಲೆ ಕೋಟು ಹಾಕಿಕೊಂಡು ರೈಲು ಹತ್ತಿ ಕೊನೆಯವರೆಗೆ ಹೋದರು. ಕೊನೆಯ ಸ್ಟೇಷನ್ನಿನಲ್ಲಿ ಡ್ರೈವರ್ ಈಚೆಯ ಕೋಣೆಯಿಂದ ಇಳಿದು, ಬ್ಯಾಗು ಹಿಡಿದು ಆಚೆಯ ಕೋಣೆಗೆ ನಡೆದು ಹೋದ. ಹೋಗುವಾಗ ಇವರಿಗೆ ತಲೆ ಬಗ್ಗಿಸಿದ. ಅದೇ ರೈಲಿನಲ್ಲಿ ತಿರುಗಿ ಬಂದರು. ಮಾರನೆಯ ದಿನ ಮತ್ತೆ. ಸ್ಟೇಷನ್ನಿನ ಹೆಸರುಗಳನ್ನು ನೋಡಿ ನೋಡಿಯೇ ಆ ಲಿಪಿ ಕಲಿತದ್ದು ಎನ್ನುತ್ತಿದ್ದರು. "ಅತ್ತೆ ಇಲ್ಲ, ಅಮ್ಮ ಇಲ್ಲ, ನೆರೆಕರೆ ಇಲ್ಲ. ದಿನಾ ನನ್ನನ್ನು ಮಾತಾಡ್ಸಿದ್ದು ಆ ರೈಲು ಒಂದೇ."

ಅಲ್ಲಿಂದ ತಂದ ಅಭ್ಯಾಸಗಳನ್ನು ಅವರು ಇಲ್ಲಿ ಬಿಡಲಿಲ್ಲ. ಆ ಡ್ರೈವರುಗಳು ಹಸಿರು ದೀಪಕ್ಕೆ ಬೆರಳು ತೋರಿಸಿ, ಗಟ್ಟಿಯಾಗಿ ಹೇಳಿಯೇ ಗಾಡಿ ಬಿಡುತ್ತಾರಂತೆ. ಇವರು ಕರಾಮದ ರಸ್ತೆ ದಾಟುವಾಗಲೂ ಹಾಗೆಯೇ. ಕೈ ನೀಡಿ ಬಲಕ್ಕೆ ಬೆರಳು ತೋರಿಸಿ "ಯೋಶಿ", ಎಡಕ್ಕೆ ತೋರಿಸಿ "ಯೋಶಿ", ಆಮೇಲೆಯೇ ಹೆಜ್ಜೆ. ಅದರ ಅರ್ಥ 'ಸರಿ ಉಂಟು' ಅಂತ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಡೆಕೋರಮ್, ಗರ್ಲ್ಸ್, ಡೆಕೋರಮ್ ಎಂದು ಸಿಸ್ಟರ್ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆದರೆ ಆ ಬೆರಳನ್ನು ಕಂಡು ಡೆಲಿವರಿ ಬೈಕುಗಳು ಗಕ್ಕನೆ ನಿಲ್ಲುತ್ತಿದ್ದವು. ಸಿಸ್ಟರ್ ನೋಡಿದ್ದರೆ ಅವರೂ ಒಪ್ಪುತ್ತಿದ್ದರೋ ಏನೋ.

ಇಲ್ಲಿಯ ಮೆಟ್ರೋ ಕಂಡರೆ ಅವರಿಗೆ ಅರ್ಧ ಪ್ರೀತಿ, ಅರ್ಧ ತಿರಸ್ಕಾರ. "ಬೋಗಿಯೆಲ್ಲ ನಮ್ಮ ಊರಿನಲ್ಲೇ ಮಾಡಿದ್ದು" ಎಂದು ಹೆಮ್ಮೆಯಿಂದ ಹೇಳುವರು. ನಮ್ಮ ಊರು ಎಂದರೆ ಕಾರ್ಕಳ ಎಂದುಕೊಳ್ಳಬೇಡಿ, ಒಸಾಕಾ. "ಆದ್ರೆ ಮುಂದೆ ಡ್ರೈವರ್ ಅಂತ ಮನುಷ್ಯನೇ ಇಲ್ಲ. ಇಳಿಯುವಾಗ ಯಾರಿಗೆ ನಮಸ್ಕಾರ ಹೇಳೂದು, ಗಾಜಿಗಾ?"

ಇನ್ನೊಂದು ಅಭ್ಯಾಸ, ನನ್ನ ಬದುಕನ್ನು ತಿರುಗಿಸಿದ್ದು. ಅವರು ಯಾರನ್ನೂ 'ಎಲ್ಲಿಗೆ?' ಎಂದು ಕೇಳುತ್ತಿರಲಿಲ್ಲ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರಿಗೆ ಮೊದಲ ಮಾತೇ ಅದು. ಹಿರಿಯರು ಮಾತ್ರ, ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ದೂರ ಹೊರಟಿರಾ ಅಂತ ಕೇಳಬೇಕು ಎನ್ನುತ್ತಿದ್ದರು. ಜಪಾನಕ್ಕ ಅದನ್ನೂ ಕೇಳುತ್ತಿರಲಿಲ್ಲ. "ರೈಲಲ್ಲಿ ಪಕ್ಕ ಕೂತವರನ್ನು ಎಲ್ಲಿ ಇಳೀತೀರಿ ಅಂತ ಕೇಳ್ತಾರಾ? ಇಳಿಯುವಲ್ಲಿ ಇಳೀತಾರೆ. ಅದು ಅವರ ಸ್ಟೇಷನ್."

ಆಗ ನಮ್ಮ ಗಲ್ಲಿಗಳನ್ನು ಸುತ್ತಿ ಮೆಟ್ರೋ ಸ್ಟೇಷನ್ನಿಗೆ ಹೋಗುವ ಒಂದು ಗಿಡ್ಡ ಬಸ್ಸಿತ್ತು. ಅದರಲ್ಲಿ ಹೋಗುವುದನ್ನು ನನಗೆ ಕಲಿಸಿದವರು ಅವರೇ. ವಾರಕ್ಕೆ ಎರಡು ಮೂರು ಸಲ, ಮಗ ಸೊಸೆ ಆಫೀಸಿಗೆ ಹೋದ ಮೇಲೆ, ಅವರ ಜೊತೆ ಬಸ್ಸು ಹತ್ತುತ್ತಿದ್ದೆ. ಮೆಟ್ರೋ ಸ್ಟೇಷನ್ನಿನಲ್ಲಿ ಬಸ್ಸಿಳಿದ ಮೇಲೆ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ನಾನು ಎಲ್ಲಿಗೆ ಹೋಗುತ್ತಿದ್ದೆ ಎಂದು ಇಲ್ಲಿಯೂ ಬರೆಯುವುದಿಲ್ಲ. ನಾಚಿಕೆಪಡುವಂಥದ್ದೇನೂ ಅಲ್ಲ. ಚಿಕ್ಕಂದಿನಲ್ಲಿ ಔಟ್‌ಪಾಸ್ ಇಲ್ಲದೆ ಹಾಸ್ಟೆಲಿನ ಗೇಟು ದಾಟಲಿಲ್ಲ. ಆಮೇಲೆ ಅತ್ತೆಗೆ ಹೇಳಿ ಹೋದೆ, ಗಂಡನಿಗೆ ಹೇಳಿ ಹೋದೆ. ಎಪ್ಪತ್ತು ದಾಟಿದ ಮೇಲೆ, ಪರದೇಶದಲ್ಲಿ, ಒಂದು ಗಿಡ್ಡ ಬಸ್ಸಿನ ದಯೆಯಿಂದ ಯಾರಿಗೂ ಹೇಳದೆ ಹೋಗಿ ಬರುವ ಒಂದು ಬೆಳಗು ಸಿಕ್ಕಿತ್ತು.

ಆ ಬಸ್ಸಿನ ಸ್ಟಾಪಿಗೆ ಒಂದು ನೋಟಿಸ್ ಬಂತು. ಪ್ರಯಾಣಿಕರು ಕಡಿಮೆ ಇರುವುದರಿಂದ ಮುಂದಿನ ತಿಂಗಳ ಕೊನೆಗೆ ಸರ್ವೀಸ್ ನಿಲ್ಲುತ್ತದೆ ಅಂತ.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. ಅವನು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸ ಮಾಡುವವನು. ದಿನಾ ಟ್ರಾಫಿಕ್ಕಿನಲ್ಲಿ ಬೆಂದು ಬಂದಿರುತ್ತಾನೆ.

"ಒಳ್ಳೇದೇ ಆಯ್ತಲ್ಲ ಅಮ್ಮ. ಆ ಬಸ್ಸಲ್ಲಿ ಯಾಕೆ ಒದ್ದಾಡೂದು? ಎಲ್ಲಿಗೆ ಹೋಗ್ಬೇಕು ಹೇಳು, ನಾನು ಆ್ಯಪಲ್ಲಿ ಗಾಡಿ ಕಳಿಸ್ತೇನೆ."

"ಎಲ್ಲಿಗೆ ಅಂತ ಹೇಳ್ಬೇಕಾ?"

"ಮತ್ತೆ? ಲೊಕೇಶನ್ ಹಾಕದೆ ಗಾಡಿ ಬರ್ತದಾ?" ಅವನು ನಕ್ಕ. "ಆ ಗಾಡಿಯಲ್ಲಿ ಹೋದ್ರೆ ನೀನು ಎಲ್ಲಿದ್ದಿ ಅಂತ ನಂಗೆ ಫೋನಲ್ಲೇ ಕಾಣ್ತದೆ. ನಂಗೂ ನಿಶ್ಚಿಂತೆ."

ಅವನಿಗೆ ನಿಶ್ಚಿಂತೆ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮಾರನೆಯ ಬೆಳಿಗ್ಗೆ ಸ್ಟಾಪಿನಲ್ಲಿ ಮೂವರೂ ಸೇರಿದೆವು. ಮೈಸೂರಿನವರು, "ಒಂದು ಪಿಟಿಷನ್ ಬರೆಯೋಣ್ವೇನ್ರೀ? ನಿಮ್ಮ ಇಂಗ್ಲಿಷ್ ಚೆನ್ನಾಗಿದೆ" ಎಂದು ನನ್ನ ಕಡೆ ನೋಡಿದರು.

"ಬರೆಯಬಹುದು. ಕೆಳಗೆ ಸೈನ್ ಯಾರು ಮಾಡೂದು? ವೀಸಾ ಮಗನದ್ದು. ನಾಳೆ ಅವನನ್ನು ಯಾರಾದ್ರೂ ಕೇಳಿದ್ರೆ?"

"ಅಯ್ಯೋ, ಹೌದಲ್ಲ. ಹಾಗಾದ್ರೆ ಖಲಾಸ್."

ಜಪಾನಕ್ಕ ನೋಟಿಸನ್ನು ಮತ್ತೊಮ್ಮೆ ಓದಿದರು. "ಪಿಟಿಷನ್ ಗಿಟಿಷನ್ ಎಲ್ಲ ಬೇಡ. ಇವ್ರು ಹೇಳೂದು ಎಂತ? ಜನ ಇಲ್ಲ ಅಂತ. ಜನ ಅಂದ್ರೆ ಯಾರು? ನಾವು ಎಂತ ಜಾನುವಾರಾ? ಹತ್ತುವ."

"ಹತ್ತಿ ಎಲ್ಲಿಗೆ ಹೋಗೋದ್ರೀ?"

"ಎಲ್ಲಿಗಾದ್ರೂ. ಹತ್ತೂದು, ಇಳಿಯೂದು, ಪುನಃ ಹತ್ತೂದು. ಬಸ್ಸು ಹತ್ಲಿಕ್ಕೆ ಯಾವ ಕಾನೂನಲ್ಲಿ ಬಲ್ಲಿ, ಆಗ್ಬಾರ್ದು ಅಂತ ಉಂಟು?"

ಆಗಲೇ ಅವರು ತಮ್ಮ ಲೈನಿನ ಆ ಕತೆ ಹೇಳಿದ್ದು. ಅಲ್ಲಿಯೂ ಒಮ್ಮೆ ಕಂಪೆನಿಯವರು, ಜನ ಕಡಿಮೆ, ಮುಚ್ಚುತ್ತೇವೆ ಎಂದರಂತೆ. ಊರವರು ಕಲ್ಲು ಹೊಡೆಯಲಿಲ್ಲ, ಕೂಗಲಿಲ್ಲ. 'ಹತ್ತೋಣ, ಉಳಿಸೋಣ' ಎಂದು ಬರೆದು ಸ್ಟೇಷನ್ನಿಗೆ ಕಟ್ಟಿ, ಹತ್ತಲು ಶುರುಮಾಡಿದರು. ಸೈಕಲ್ಲಿನಲ್ಲಿ ಹೋಗುವವರು ಸೈಕಲ್ ಮನೆಯಲ್ಲಿಟ್ಟರು. ಒಂದು ಬದಿಯ ಅಜ್ಜಿಯಂದಿರು ತಮ್ಮ ಓಣಿಯಲ್ಲೇ ತೋಫು ಸಿಗುತ್ತಿದ್ದರೂ ಮುಂದಿನ ಸ್ಟೇಷನ್ನಿಗೆ ಹೋಗಿ ತಂದರು. ಜಪಾನಕ್ಕನೂ ಗಂಡನ ಡಬ್ಬಿಗೆ ಸೊಪ್ಪು ತರಲು ಕೊನೆಯ ಸ್ಟೇಷನ್ನಿಗೆ ಹೋಗುತ್ತಿದ್ದರಂತೆ. "ಸಿಟ್ಟನ್ನು ಬಾಯಲ್ಲಿ ಇಟ್ಕೊಂಡ್ರೆ ಉಗುಳಬೇಕು ಅನಿಸ್ತದೆ. ಕಾಲಲ್ಲಿ ಇಟ್ಕೊಳ್ಬೇಕು" ಎಂದರು.

ಹಾಗೆ ಶುರುವಾಯಿತು. ನಮ್ಮ ಬಿಲ್ಡಿಂಗಿನಿಂದ ಮೂವರು, ಹಿಂದಿನ ಬಿಲ್ಡಿಂಗಿನಿಂದ ಒಬ್ಬರು ಮಲಯಾಳಿ ಉಮ್ಮ, ಆಚೆ ಗಲ್ಲಿಯ ಗುಜರಾತಿ ಬಾ, ಅವರ ನಾದಿನಿ. ಉಮ್ಮ, ಬಾ ಎಂದರೆ ಅವರವರ ಭಾಷೆಯಲ್ಲಿ ಅಮ್ಮ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಚಕ್ಕುಲಿ ಡಬ್ಬ ಸೀಟಿನಿಂದ ಸೀಟಿಗೆ ಹೋಗುತ್ತಿತ್ತು, ಡ್ರೈವರಿಗೆ ಕಾಣದ ಹಾಗೆ, ಯಾಕೆಂದರೆ ಬಸ್ಸಿನಲ್ಲಿ ತಿನ್ನಬಾರದು. ಇಷ್ಟು ವರ್ಷ ಲಿಫ್ಟಿನಲ್ಲಿ ಗುಡ್ ಮಾರ್ನಿಂಗ್ ಅಷ್ಟೇ ಆಗಿದ್ದವರು ಒಬ್ಬರ ಮೊಣಕಾಲಿನ ಆಪರೇಷನ್ನಿನ ಕತೆ ಇನ್ನೊಬ್ಬರಿಗೆ ಹೇಳಿದರು. ಎರಡು ವಾರ ಹೀಗೆ ನಡೆದ ಮೇಲೆ ನಾವು ಗೆದ್ದೇಬಿಟ್ಟೆವು ಎಂದುಕೊಂಡೆವು.

ಒಂದು ಬೆಳಿಗ್ಗೆ ಪೇಶಾವರದ ಕಡೆಯ ಡ್ರೈವರ್ ಖಾನ್ ಭಾಯ್ ಬಸ್ಸು ನಿಲ್ಲಿಸಿ ನಮ್ಮ ಕಡೆ ತಿರುಗಿದ. ಮೈಸೂರಿನವರು ಆಗಷ್ಟೇ ತಮ್ಮ ಕಾರ್ಡನ್ನು ಮೆಷಿನ್ನಿಗೆ ಮೂರು ಸಲ ಮುಟ್ಟಿಸಿ, "ಇವತ್ತು ನಂದು, ಯಾರೂ ಕಾರ್ಡ್ ತೆಗೀಬೇಡಿ" ಎಂದು ನಮ್ಮನ್ನು ಒಳಗೆ ದೂಡುತ್ತಿದ್ದರು.

"ಅಮ್ಮಾಜೀ, ಯೇ ಕ್ಯಾ ಕರ್ ರಹೀ ಹೈಂ?" ಎಂದ ಅವನು. "ಏಕ್ ಕಾರ್ಡ್, ಏಕ್ ಆದ್ಮೀ. ಪೆಹಲೀ ಬಾರ್ ಚಢ್‌ನಾ, ದೂಸ್ರೀ ಬಾರ್ ಉತರ್‌ನಾ."

ಒಂದು ಕಾರ್ಡಿಗೆ ಒಬ್ಬರೇ, ಮೊದಲ ಸಲ ಮುಟ್ಟಿಸಿದರೆ ಹತ್ತಿದ ಹಾಗೆ, ಎರಡನೆಯ ಸಲ ಮುಟ್ಟಿಸಿದರೆ ಇಳಿದ ಹಾಗೆ ಎಂಬುದು ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಇಬ್ಬರು ಗುರ್ತದವರು ಸಿಕ್ಕರೆ ಟಿಕೆಟ್ ಯಾರು ತೆಗೆಯಬೇಕೆಂದು ಕಂಡಕ್ಟರನ ಎದುರಿಗೇ ಕುಸ್ತಿ ನಡೆಯುತ್ತದೆ. ತನ್ನ ಟಿಕೆಟ್ ಮಾತ್ರ ತೆಗೆದು ಕೂತವಳನ್ನು ಜನ ಏಳು ಜನ್ಮ ಮರೆಯುವುದಿಲ್ಲ. ಅದೇ ಮರ್ಯಾದೆಯನ್ನು ನಾವು ಇಲ್ಲಿಗೂ ತಂದಿದ್ದೆವು. ಒಂದು ದಿನ ಜಪಾನಕ್ಕ, ಒಂದು ದಿನ ಮೈಸೂರಿನವರು, ಒಂದು ದಿನ ಗುಜರಾತಿ ಬಾ, ಸರದಿಯಲ್ಲಿ ಎಲ್ಲರ ಪರವಾಗಿ ಒಂದೇ ಕಾರ್ಡು. ಮೆಷಿನ್ ಪ್ರತಿ ಸಲವೂ ಸದ್ದು ಮಾಡುತ್ತಿತ್ತು, ನಾವು ಒಬ್ಬೊಬ್ಬರ ಲೆಕ್ಕ ಸಂದಿತು ಎಂದುಕೊಳ್ಳುತ್ತಿದ್ದೆವು. ಅದರ ಪ್ರಕಾರ ಒಬ್ಬಳೇ ಹೆಂಗಸು ಬಾಗಿಲಲ್ಲಿ ನಿಂತು ಹತ್ತಿದ್ದಾಳೆ, ಇಳಿದಿದ್ದಾಳೆ, ಮತ್ತೆ ಹತ್ತಿದ್ದಾಳೆ. ಎರಡು ವಾರ ಬಸ್ಸು ತುಂಬಿಸಿದ ನಾವು ಲೆಕ್ಕದಲ್ಲಿ ಇರಲೇ ಇಲ್ಲ.

ಜಪಾನಕ್ಕ ಸೀಟಿನಲ್ಲಿ ಕೂತು ತಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ವರ್ಷ ಆ ದೇಶದಲ್ಲಿದ್ದವರು ಕೂಡ ನಮ್ಮ ಜೊತೆ ಸೇರಿ ಅದೇ ಉಪಚಾರಕ್ಕೆ ಬಿದ್ದಿದ್ದರು. ಕೊನೆಗೆ, "ಇವತ್ತಿಂದ ಯಾರೂ ಯಾರನ್ನೂ ಉಪಚಾರ ಮಾಡ್ಬಾರ್ದು" ಎಂದರು. "ಒಬ್ಬೊಬ್ಬಳಿಗೂ ಅವಳವಳ ಕಾರ್ಡ್."

"ನನ್ನ ಹತ್ರ ಕಾರ್ಡೇ ಇಲ್ವಲ್ಲ ಅಕ್ಕ" ಎಂದೆ. ನಿಜ. ಕಾರಿರುವಾಗ ನಿನಗೆ ಕಾರ್ಡ್ ಯಾಕಮ್ಮ ಎಂದು ಮಗ ಮಾಡಿಸಿರಲಿಲ್ಲ. ಮೆಟ್ರೋಗೆ ಬಿಡಿ ಟಿಕೆಟ್ ತೆಗೆಯುತ್ತಿದ್ದೆ, ಬಸ್ಸಿನಲ್ಲಿ ಇಷ್ಟು ದಿನವೂ ನಾನು ಬೇರೆಯವರ ಕಾರ್ಡಿನ ಮೇಲೆ ಅತಿಥಿಯಾಗಿ ತಿರುಗಿದವಳು.

"ಇಲ್ಲದಿದ್ರೆ ತಗೋ."

"ಮಗನಿಗೆ ಹೇಳ್ತೇನೆ, ಸಂಡೇ..."

"ಮಗ ಹತ್ತೂದಾ, ನೀನು ಹತ್ತೂದಾ?"

ಆ ದಿನವೇ ಮೆಟ್ರೋ ಸ್ಟೇಷನ್ನಿನ ಕೌಂಟರಿನಲ್ಲಿ ಕ್ಯೂ ನಿಂತೆ. ಒಳಗಿದ್ದ ಫಿಲಿಪಿನೋ ಹುಡುಗಿ ಬಹಳ ಮರ್ಯಾದೆಯಿಂದ, "ಮ್ಯಾಮ್, ಷಲ್ ಐ ಲಿಂಕ್ ಇಟ್ ಟು ಯುವರ್ ಸನ್ಸ್ ಮೊಬೈಲ್?" ಎಂದು ಕೇಳಿದಳು. ನಾನು ಸ್ಕೂಲಿನ ಎಲಕ್ಯೂಷನ್ ಕಾಂಪಿಟಿಷನ್ನಿನಲ್ಲಿ ಪ್ರೈಜ್ ತಗೊಂಡ ಧ್ವನಿಯಲ್ಲಿ, "ನೋ, ಥ್ಯಾಂಕ್ ಯೂ, ಮೈ ಡಿಯರ್" ಎಂದೆ. ಹಿಂದೆ ನಿಂತಿದ್ದ ಜಪಾನಕ್ಕ ಗಾಜಿನ ಕಡೆ ಬೆರಳು ತೋರಿಸಿ, "ಯೋಶಿ" ಎಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಗುಜರಾತಿ ಬಾ ತಮ್ಮ ಸತ್ಸಂಗದವರನ್ನೆಲ್ಲ ಕರೆತಂದರು. ಉಮ್ಮ ಗಲ್ಲಿಯ ಮನೆಕೆಲಸದ ಹುಡುಗಿಯರನ್ನೆಲ್ಲ 'ಯಲ್ಲಾ, ಯಲ್ಲಾ' ಎಂದು ಅವಸರಪಡಿಸಿ ಬಸ್ಸಿಗೆ ತುಂಬಿದರು. ಕೊನೆಯ ವಾರ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು, ಎಪ್ಪತ್ತು ದಾಟಿದವಳು, ಕಂಬಿ ಹಿಡಿದು ನಿಂತುಕೊಂಡು ಹೋದೆ. ಸೀಟು ಬಿಟ್ಟುಕೊಡಲು ಎದ್ದ ಹುಡುಗಿಯನ್ನು, "ನೋ, ನೋ, ಐ ಆ್ಯಮ್ ಎಂಜಾಯಿಂಗ್" ಎಂದು ಕೂರಿಸಿದೆ.

ತಿಂಗಳ ಕೊನೆಗೆ ಬಸ್ಸು ನಿಂತಿತು.

ಗೆಲ್ಲುತ್ತೇವೆಂದು ನಾನು ನಂಬಿದ್ದೆ. ಕೊನೆಯ ಟ್ರಿಪ್ಪಿನಿಂದ ಇಳಿದು ಸ್ಟಾಪಿನ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕೇಳಿದೆ, "ನಿಮ್ಮ ಲೈನಾದ್ರೂ ಉಳಿಯಿತಲ್ಲ ಅಕ್ಕ. ನಮ್ಮದು ಯಾಕೆ ಉಳೀಲಿಲ್ಲ?"

"ನಮ್ಮದೂ ಮುಚ್ಚಿದ್ರು."

"ಎಂತ? ನೀವು ಹೇಳ್ಲೇ ಇಲ್ಲ!"

"ನೀನು ಕೇಳ್ಲಿಲ್ಲ."

ಮೈಸೂರಿನವರು, "ಏನ್ರೀ ನೀವು! ಸೋತ ಕತೆ ಹೇಳಿ ನಮ್ಮನ್ನ ಕುಣಿಸಿದ್ರಾ?" ಎಂದು ನಿಜವಾಗಿಯೂ ರೇಗಿದರು.

ಜಪಾನಕ್ಕ ಅವರ ಕಡೆ ತಿರುಗಿದರು. ಆ ಮುಖ ನನಗೆ ಮರೆಯುವುದಿಲ್ಲ. "ಸೋತದ್ದು ಯಾರು? ಕೊನೇ ತಿಂಗಳು ನಂಗೆ ಒಂದು ದಿನ ಸೀಟು ಸಿಕ್ಕಿಲ್ಲ. ಖಾಲಿ ರೈಲು ಅಂತ ಹೇಳಿ ಮುಚ್ಚಲಿಕ್ಕೆ ನಾವು ಬಿಡ್ಲಿಲ್ಲ. ತುಂಬಿದ ರೈಲನ್ನು ಮುಚ್ಚಬೇಕಾಯ್ತು ಅವ್ರಿಗೆ. ಕೊನೇ ದಿನ ಹಾರ ಹಾಕ್ಲಿಕ್ಕೆ ಬಂದ ಆಫೀಸರ್ ನಮ್ಮ ಕಣ್ಣು ನೋಡ್ಲಿಲ್ಲ, ಗೊತ್ತುಂಟಾ? ನೆಲ ನೋಡ್ತಾ ಇದ್ದ."



"ನಾಳೆ ಬೆಳಿಗ್ಗೆ ಇದೇ ಟೈಮಿಗೆ ಕೆಳಗೆ ಬನ್ನಿ" ಎಂದರು ಜಪಾನಕ್ಕ, ಏಳುತ್ತ.

"ಬಸ್ಸೇ ಇಲ್ಲ!"

"ನಾನು ಬಸ್ಸು ಅಂತ ಹೇಳಿದ್ನಾ?"

ಹಾಗೆ ಶುರುವಾದದ್ದು ನಮ್ಮ ಲೈನು. ಚಳಿಗಾಲದ ಹಿತವಾದ ಬೆಳಗು. ಬಸ್ಸಿಗೆ ಹೊರಡುವ ಹೊತ್ತಿಗೇ ನಮ್ಮ ಬಿಲ್ಡಿಂಗಿನ ಬಾಗಿಲಿನಿಂದ ಹೊರಟು ಮೆಟ್ರೋ ಸ್ಟೇಷನ್ನಿನವರೆಗೆ ನಡೆಯುವುದು. ಮುಂದೆ ಜಪಾನಕ್ಕ, ಕೊನೆಯಲ್ಲಿ ಮೈಸೂರಿನವರು, ನಡುವೆ ನಾವು. ದಾರಿಯಲ್ಲಿ ಸ್ಟೇಷನ್ನುಗಳು: ಮೊದಲು ಮಲಯಾಳಿಯ ಗ್ರೋಸರಿ, ಆಮೇಲೆ ಉಡುಪಿ ಹೋಟೆಲು, ಆಮೇಲೆ ಫಾರ್ಮಸಿ, ಕೊನೆಗೆ ಮೇನ್ ರೋಡಿನ ಏಸಿ ಬಸ್‌ಸ್ಟಾಪು. ಪ್ರತಿಯೊಂದರಲ್ಲೂ ಒಳಗೆ ಹೋಗಿ ತಂಪಿನಲ್ಲಿ ಕೂತು ಮೊಣಕಾಲು ಸುಧಾರಿಸಿಕೊಳ್ಳುವುದು. ಗ್ರೋಸರಿಯವನಿಂದ ಎರಡು ಪ್ಲಾಸ್ಟಿಕ್ ಸ್ಟೂಲು, ಫಾರ್ಮಸಿಯವನಿಂದ ಒಂದು ಬೆಂಚು ಅವರೇ ಕೇಳಿ ಹಾಕಿಸಿದರು. ಕೇಳಿದರು ಎನ್ನುವುದೂ ಸರಿಯಲ್ಲ. "ಇಲ್ಲಿ ಒಂದು ಬೆಂಚ್ ಬೇಕು" ಎಂದರು, ಮಾರನೆಯ ದಿನ ಬೆಂಚಿತ್ತು.

ಲೈನು ಯಾರಿಗೂ ಕಾಯುತ್ತಿರಲಿಲ್ಲ. ಆಯಾ ಬಿಲ್ಡಿಂಗಿನವರು ಬಾಗಿಲಲ್ಲಿ ಸಿದ್ಧರಾಗಿ ನಿಲ್ಲಬೇಕು. ಒಮ್ಮೆ ನಾನು ಕನ್ನಡಕ ಹುಡುಕುತ್ತ ತಡವಾಗಿ ಇಳಿದಾಗ ಅವರ ಬೆನ್ನು ಗಲ್ಲಿಯ ತುದಿಯಲ್ಲಿ ಕಾಣುತ್ತಿತ್ತು. 'ಎ ಲೇಡಿ ನೆವರ್ ರನ್ಸ್' ಎಂದು ಕಲಿಸಿದ ಸಿಸ್ಟರ್‌ಗೆ ಕ್ಷಮೆ ಕೇಳಿ, ಸೀರೆ ಎತ್ತಿ ಓಡಿದೆ. ಗ್ರೋಸರಿಯಲ್ಲಿ ಹಿಡಿದೆ. "ನೆಕ್ಸ್ಟ್ ಸ್ಟೇಷನಲ್ಲಿ ಸಿಗ್ತಿ ಅಂತ ಗೊತ್ತಿತ್ತು" ಎಂದರು. ಮೆಟ್ರೋದ ಗೇಟಿನಲ್ಲಿ ಎಲ್ಲರೂ ಅವರವರ ಕಾರ್ಡು ಮುಟ್ಟಿಸಿ ಒಳಗೆ ಹೋಗಿ, ಅವರವರ ಪ್ಲಾಟ್‌ಫಾರ್ಮಿಗೆ ಚದುರುತ್ತಿದ್ದೆವು. ಯಾರು ಎಲ್ಲಿಗೆ, ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಬೇಸಗೆ ಬಂತು. ಮಕ್ಕಳೆಲ್ಲ ಗಾಬರಿಯಾದರು. ಜಪಾನಕ್ಕ ಹೊರಡುವ ಹೊತ್ತನ್ನು ಸೂರ್ಯ ಸರಿಯಾಗಿ ಏಳುವುದಕ್ಕೆ ಮೊದಲಿಗೆ ತಂದರು, ಪ್ರತಿಯೊಬ್ಬರ ಕೈಯಲ್ಲೂ ಕೊಡೆ ಮತ್ತು ನೀರಿನ ಬಾಟಲಿ ಇರಲೇಬೇಕೆಂದರು, ತಲೆ ಸುತ್ತುವವರನ್ನು ಹಿಂದಿನ ಸ್ಟೇಷನ್ನಿನಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದರು. ಅವರಿರುವವರೆಗೆ ಲೈನು ಒಂದು ದಿನವೂ ನಿಲ್ಲಲಿಲ್ಲ.

ಎರಡನೆಯ ಬೇಸಗೆಯಲ್ಲಿ ಅವರು ನಿದ್ದೆಯಲ್ಲೇ ತೀರಿಹೋದರು. ಅಂದಿನಿಂದ ಪ್ರಾರ್ಥನೆಯ ದಿನದವರೆಗೆ ಲೈನು ಹೊರಡಲಿಲ್ಲ. ಸ್ಟ್ರೋಕ್ ಎಂದರು ಡಾಕ್ಟರು. ಅದಕ್ಕೂ ನಡಿಗೆಗೂ ಏನೂ ಸಂಬಂಧವಿಲ್ಲ, ಯಾರಿಗೂ ಆಗಬಹುದಾದದ್ದು ಎಂದೂ ಹೇಳಿದರು. ಆದರೆ ಪ್ರಾರ್ಥನೆಯ ದಿನ ಮಗಳು ನನ್ನ ಕೈ ಹಿಡಿದು ಅತ್ತಳು. "ಆ ಬಿಸಿಲಲ್ಲಿ ತಿರುಗ್ಬೇಡ ಅಂತ ಎಷ್ಟು ಹೇಳಿದ್ದೆ ಆಂಟಿ. ನಿಮ್ಮ ಮಾತಾದ್ರೂ ಕೇಳ್ತಿದ್ರು, ನೀವಾದ್ರೂ ಹೇಳ್ಬಾರ್ದಿತ್ತಾ?" ಆ ಹುಡುಗಿಯ ದುಃಖದ ಎದುರಿಗೆ ನನ್ನ ವಾದ ಇಡುವುದು ಕ್ರೂರ. ನಾನು ಅವಳ ತಲೆ ನೇವರಿಸಿದೆ. ಆದರೆ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕೊನೆಯ ಸಂಜೆ ಕೂಡ ಅವರು ನನ್ನ ಹತ್ತಿರ ಜಗಳವಾಡಿದ್ದರು, ಉಡುಪಿ ಹೋಟೆಲಿನಲ್ಲಿ ನಾನು ಹೆಚ್ಚು ಹೊತ್ತು ಕೂತು ಲೈನು ತಡಮಾಡಿಸುತ್ತೇನೆ ಅಂತ.

ಖಲೀಫಾ ಸಿಟಿಯಿಂದ ತಿರುಗಿ ಬರುವಾಗ ಕಾರಿನಲ್ಲಿ ಮಗ ಮೆತ್ತಗೆ ಶುರುಮಾಡಿದ. ಬಿಲ್ಡಿಂಗಿನ ಗ್ರೂಪಿನಲ್ಲಿ ಮಕ್ಕಳೆಲ್ಲ ಮಾತಾಡಿಕೊಂಡಿದ್ದಾರೆ. ಇನ್ನು ಈ ನಡಿಗೆ ಬೇಡ. ಸಂಜೆ ಹೊತ್ತು ಮಾಲ್‌ಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಏಸಿಯಲ್ಲಿ ಎಷ್ಟು ಬೇಕಾದರೂ ನಡೆಯಬಹುದು.

"ಪ್ಲೀಸ್ ಅಮ್ಮ. ನಾಳೆಯಿಂದ ಪುನಃ ಶುರು ಮಾಡೂದು ಬೇಡ. ನಂಗೆ ಆಫೀಸಲ್ಲಿ ಕೂತ್ರೆ ಹೆದರಿಕೆ ಆಗ್ತದೆ. ನಿಂಗೆ ಎಂತಾದ್ರೂ ಆದ್ರೆ ಎಲ್ಲಿ ಅಂತ ಹುಡುಕ್ಲಿ ನಾನು?"

ಸೊಸೆ ಹಿಂದಿನ ಸೀಟಿನಿಂದ ನನ್ನ ಹೆಗಲು ಒತ್ತಿದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಆ ಧ್ವನಿಯಲ್ಲಿದ್ದ ಹೆದರಿಕೆ ಸುಳ್ಳಲ್ಲ. ಅದಕ್ಕೇ ಅದನ್ನು ಮೀರುವುದು ಕಷ್ಟ. ಬೈದಿದ್ದರೆ ಸುಲಭವಾಗುತ್ತಿತ್ತು.

ಬೆಳಿಗ್ಗೆ ಎದ್ದು ಅನ್ನ, ಸಾರು ಮಾಡಿ ಮುಚ್ಚಿಟ್ಟೆ. ಮಗ ಇನ್ನೂ ಮಲಗಿದ್ದ. ಕೊಡೆ, ಬಾಟಲಿ, ಕಾರ್ಡು ತೆಗೆದುಕೊಂಡು ಕೆಳಗಿಳಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ವಾಚ್‌ಮನ್ ನನ್ನನ್ನು ನೋಡಿ, ನೋಡದವನ ಹಾಗೆ ಕಾರು ಒರೆಸಿದ. ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲು ಮನಸ್ಸಾಗದೆ ಪಕ್ಕಕ್ಕೆ ನಿಂತೆ. ಲಿಫ್ಟು ಮೂರನೆಯ ಮಹಡಿಗೆ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಬಂತು.

ಮೈಸೂರಿನವರು ಹೊರಗೆ ಬಂದರು. ಕಣ್ಣು ಊದಿತ್ತು. "ಮಗಳು ಬೈತಾಳೆ ಕಣ್ರೀ" ಎಂದರು.

"ನನ್ನ ಮಗ ಬೈಯೂದಿಲ್ಲ. ಅಳ್ತಾನೆ."

"ಅದು ಇನ್ನೂ ಕಷ್ಟ ಬಿಡಿ." ಕೊಡೆ ಬಿಚ್ಚಿದರು. "ಮುಂದೆ ಯಾರು?"

"ನಾನು" ಎಂದೆ. ನಾನೂ ಕೊಡೆ ಬಿಚ್ಚಿ ಹೆಜ್ಜೆ ಇಟ್ಟೆ.

ಹಿಂದಿನ ಬಿಲ್ಡಿಂಗಿನ ಬಾಗಿಲಲ್ಲಿ ಉಮ್ಮ ನಿಂತಿದ್ದರು. ಗುಜರಾತಿ ಬಾ ಇರಲಿಲ್ಲ. ಕಾಯಲಿಲ್ಲ. ಗ್ರೋಸರಿಯಲ್ಲಿ ಸ್ಟೂಲುಗಳು ಇದ್ದಲ್ಲೇ ಇದ್ದವು. ಮಲಯಾಳಿ ಫ್ಯಾನನ್ನು ನಮ್ಮ ಕಡೆ ತಿರುಗಿಸಿದ. ಉಡುಪಿ ಹೋಟೆಲಿನಲ್ಲಿ ನಾವು ಕೂತಿರುವಾಗ ಬಾ ಮತ್ತು ಅವರ ನಾದಿನಿ ಏದುಸಿರು ಬಿಡುತ್ತ ಬಂದು ಸೇರಿಕೊಂಡರು. ಬೈಸಿಕೊಂಡೇ ಬಂದದ್ದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಯಾರೂ ಕೇಳಲಿಲ್ಲ.

ಫಾರ್ಮಸಿಯ ಬೆಂಚಿನಲ್ಲಿರುವಾಗ ಫೋನು ರಿಂಗಾಯಿತು. ಮಗ.

"ಅಮ್ಮ, ಎಲ್ಲಿದ್ದಿ?"

"ಹೊರಗೆ ಇದ್ದೇನೆ."

"ಹೊರಗೆ ಅಂದ್ರೆ ಎಲ್ಲಿ?"

ಬೆಂಚಿನಲ್ಲಿದ್ದವರೆಲ್ಲ ಬೇರೆ ಬೇರೆ ಕಡೆ ನೋಡುತ್ತಿದ್ದರು, ಕಿವಿ ಮಾತ್ರ ನನ್ನ ಕಡೆ. ಗಾಜಿನ ಹೊರಗೆ ಬಿಸಿಲು ಏರುತ್ತಿತ್ತು.

"ಸಾರು ಮಾಡಿಟ್ಟಿದ್ದೇನೆ ಮಗ. ಬಿಸಿ ಮಾಡಿ ಡಬ್ಬಕ್ಕೆ ಹಾಕ್ಕೋ. ನಾನು ಮಧ್ಯಾಹ್ನಕ್ಕೆ ಬರ್ತೇನೆ."

ಆ ಕಡೆ ಅವನ ಉಸಿರು ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಅಳು ಬರುವ ಮೊದಲು ಹೀಗೆಯೇ ಉಸಿರಾಡುತ್ತಿದ್ದ. ಒಂದು ಕ್ಷಣ, ಬೇಡ, ಮನೆಗೆ ಹೋಗಿಬಿಡುವ ಎನಿಸಿತು. ಏಳಲಿಲ್ಲ.

"ನೀರು ತಗೊಂಡಿದ್ದೀಯಾ?" ಎಂದ.

"ತಗೊಂಡಿದ್ದೇನೆ."

"ದೊಡ್ಡ ಬಾಟ್ಲಿಯಾ?"

"ದೊಡ್ಡದೇ."

"ಸರಿ" ಎಂದು ಇಟ್ಟ.

ಎಲ್ಲಿ ಎಂದು ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುವವಳಿರಲಿಲ್ಲ.